ಶಿಶುಶಿಕ್ಷಣದ ಮೂರು ದರ್ಶನಗಳು: ಒಂದು ವಿಮರ್ಶೆ

ಮನುಷ್ಯನ ಬಾಳಿನಲ್ಲಿ ಮೊದಲ ಆರು ವರ್ಷಗಳಿಗಿರುವ ಮಹತ್ತ್ವ ಮುಂದಿನ ಯಾವ ಆರು ವರ್ಷಗಳಿಗೂ ಇಲ್ಲವೆಂಬ ಮಾತನ್ನು ಇಂದು ಅಲ್ಲಗಳೆಯುವವರು ವಿರಳ. ಆದರೆ ಆ ಆರು ವರ್ಷಗಳಲ್ಲಿ ನಾವು ಮಗುವಿಗೆ ಏನನ್ನು ಕೊಡುತ್ತಿದ್ದೇವೆ, ಏನನ್ನು ಕಸಿದುಕೊಳ್ಳುತ್ತಿದ್ದೇವೆ ಎಂದು ಕೇಳಿಕೊಂಡರೆ ಉತ್ತರ ಅಷ್ಟು ಸುಲಭವಲ್ಲ. ನಮ್ಮ ನಾಡಿನ ಯಾವ ತಾಲ್ಲೂಕು ಪಟ್ಟಣದ ಬೀದಿಯಲ್ಲಿ ನಡೆದರೂ ಮೂರು ಹೆಸರುಗಳು ಫಲಕಗಳ ಮೇಲೆ ಕಣ್ಣಿಗೆ ಬೀಳುತ್ತವೆ: ಕಿಂಡರ್‌ಗಾರ್ಟನ್, ಮಾಂಟೆಸ್ಸರಿ, ಅಂಗನವಾಡಿ. ಮೊದಲನೆಯದು ಜರ್ಮನಿಯಿಂದ ಬಂದುದು, ಎರಡನೆಯದು ಇಟಲಿಯಿಂದ ಬಂದುದು, ಮೂರನೆಯದು ನಮ್ಮ ದೇಶದ ಪಶ್ಚಿಮ ಕರಾವಳಿಯ ಗುಡಿಸಲುಗಳ ಅಂಗಳದಲ್ಲಿ ಹುಟ್ಟಿದುದು. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಜೀವಮಾನದ ಚಿಂತನೆಯಿದೆ. ಹೆಸರುಗಳು ನಮಗೆ ಚಿರಪರಿಚಿತವಾದವು. ಚಿಂತನೆ ಪರಿಚಿತವಾಯಿತೇ ಎಂಬುದೇ ಈ ಲೇಖನದ ಪ್ರಶ್ನೆ.

ಈ ಪ್ರಶ್ನೆ ನಮ್ಮನ್ನು ಕಾಡತೊಡಗಿದುದು ಒಂದು ಸಣ್ಣ ಪ್ರಸಂಗದಿಂದ. ಕೆಲವು ತಿಂಗಳ ಹಿಂದೆ ಪರಿಚಿತರೊಬ್ಬರ ಮನೆಗೆ ಹೋಗಿದ್ದೆವು. ಅವರ ಮೊಮ್ಮಗಳಿಗೆ ಇನ್ನೂ ನಾಲ್ಕು ತುಂಬಿ ಎರಡು ತಿಂಗಳು. ಅತಿಥಿಗಳು ಬಂದರೆಂದು ತಾಯಿ ಮಗುವಿನ ಪುಸ್ತಕವನ್ನು ತಂದು ತೋರಿಸಿದರು. ಒಂದರಿಂದ ನೂರರವರೆಗೆ ಅಂಕಿಗಳನ್ನು ಮಗು ಅಚ್ಚುಕಟ್ಟಾಗಿ ಬರೆದಿತ್ತು. ಪ್ರತಿಯೊಂದು ಪುಟದ ಕೊನೆಗೂ ಶಾಲೆಯ ಕೆಂಪು ಮಸಿಯ ಗುರುತಿತ್ತು. ಪಕ್ಕದಲ್ಲಿ ಅಜ್ಜಿ ಹುಣಿಸೆಹಣ್ಣು ಬಿಡಿಸುತ್ತಿದ್ದರು. ನಾವು ಸುಮ್ಮನೆ, "ಪುಟ್ಟಿ, ನನಗೆ ಏಳು ಹುಣಿಸೆ ಬೀಜ ತಂದುಕೊಡಮ್ಮ" ಎಂದೆವು. ಮಗು ಓಡಿಹೋಗಿ ಮುಷ್ಟಿ ತುಂಬ ಬೀಜ ತಂದು ಕೈಗೆ ಸುರಿಯಿತು. "ಏಳು ಇದೆಯೇನಮ್ಮ?" ಎಂದು ಕೇಳಿದರೆ ತಾಯಿಯ ಮುಖ ನೋಡಿತು. ನೂರರವರೆಗೆ ಬರೆಯಬಲ್ಲ ಮಗುವಿಗೆ ಏಳು ಎಂದರೇನೆಂದು ತಿಳಿದಿರಲಿಲ್ಲ. ಆ ಶಾಲೆಯ ಹೆಸರಿನಲ್ಲಿ ಕಿಂಡರ್‌ಗಾರ್ಟನ್ ಎಂಬ ಪದವೂ ಇತ್ತು, ಮಾಂಟೆಸ್ಸರಿ ಎಂಬ ಪದವೂ ಇತ್ತು. ಈ ಎರಡು ಪದಗಳನ್ನು ಲೋಕಕ್ಕೆ ಕೊಟ್ಟವರು ಆ ಪುಸ್ತಕವನ್ನು ಕಂಡಿದ್ದರೆ ಏನೆನ್ನುತ್ತಿದ್ದರು?

ಫ್ರೋಬೆಲ್: ಆಟದ ಗಾಂಭೀರ್ಯ

ಫ್ರೀಡ್ರಿಖ್ ಫ್ರೋಬೆಲ್ 1782ರಲ್ಲಿ ಜರ್ಮನಿಯ ಥುರಿಂಗಿಯಾ ಪ್ರಾಂತದಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದನು. ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡನು. ಕೆಲಕಾಲ ಅರಣ್ಯವಿದ್ಯೆ ಕಲಿತನು. ಸ್ವಿಟ್ಜರ್ಲೆಂಡಿನ ಇವರ್ಡಾನಿನಲ್ಲಿ ಪೆಸ್ಟಾಲೊಜಿಯ ಶಾಲೆಯಲ್ಲಿ ದುಡಿದನು. ಬರ್ಲಿನ್ನಿನಲ್ಲಿ ಸ್ಫಟಿಕಗಳ ರಚನೆಯನ್ನು ಅಭ್ಯಸಿಸಿದನು. ಅರಣ್ಯದಿಂದ ಬೆಳವಣಿಗೆಯ ಉಪಮೆ, ಸ್ಫಟಿಕದಿಂದ ಆಕಾರಗಳ ನಿಯಮ, ತಾನು ಕಾಣದ ತಾಯ್ತನದಿಂದ ಮಮತೆಯ ಹಂಬಲ ಇವು ಮೂರೂ ಅವನ ಶಿಕ್ಷಣತತ್ತ್ವದಲ್ಲಿ ಬೆರೆತಿವೆ. 1826ರಲ್ಲಿ ಪ್ರಕಟವಾದ 'ಮಾನವನ ಶಿಕ್ಷಣ'ವೆಂಬ ಅವನ ಗ್ರಂಥ ಓದಲು ಸುಲಭವಾದುದಲ್ಲ. ವಾಕ್ಯಗಳು ತೊಡಕು, ವಿಚಾರ ಅನೇಕ ಕಡೆ ಅನುಭಾವದ ಮಂಜಿನಲ್ಲಿ ಮರೆಯಾಗುತ್ತದೆ. ಆದರೂ ಅದರ ನಡುವೆ ಒಂದು ಮಾತು ಸ್ಪಷ್ಟವಾಗಿ ಬೆಳಗುತ್ತದೆ: ಆಟವು ಮಗುವಿನ ಕಾಲಹರಣವಲ್ಲ, ಅದು ಅದರ ಅಂತರಂಗದ ಕೆಲಸ. ಅದಕ್ಕೂ ಹಿಂದೆ ಆಟವನ್ನು ಮೆಚ್ಚಿದವರಿದ್ದರು, ಸಹಿಸಿಕೊಂಡವರಿದ್ದರು; ಅದನ್ನು ಶಿಕ್ಷಣದ ನಡುಮನೆಗೆ ತಂದು ಕೂರಿಸಿದವನು ಫ್ರೋಬೆಲ್.

1837ರಲ್ಲಿ ಬಾಡ್ ಬ್ಲಾಂಕನ್‌ಬುರ್ಗ್ ಎಂಬ ಊರಿನಲ್ಲಿ ಅವನು ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದನು. 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್', ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟನು. ಶಾಲೆ ಎಂಬ ಪದವನ್ನು ಅವನು ಬೇಕೆಂದೇ ಬಿಟ್ಟನೆಂಬುದನ್ನು ಗಮನಿಸಬೇಕು. ತೋಟಗಾರನು ಗಿಡವನ್ನು ಎಳೆದು ಉದ್ದ ಮಾಡುವುದಿಲ್ಲ. ಮಣ್ಣು ಸಡಿಲಿಸುತ್ತಾನೆ, ನೀರುಣಿಸುತ್ತಾನೆ, ಕಾಯುತ್ತಾನೆ. ಈ ತೋಟದಲ್ಲಿ ಮಕ್ಕಳಿಗೆ ನಿಜವಾಗಿಯೂ ಸಣ್ಣ ಸಣ್ಣ ಪಾತಿಗಳಿದ್ದವು. ಹಾಡಿತ್ತು, ಕುಣಿತವಿತ್ತು, ಮತ್ತು ಅವನು 'ಕೊಡುಗೆ'ಗಳೆಂದು ಕರೆದ ಆಟದ ವಸ್ತುಗಳಿದ್ದವು. ಮೊದಲ ಕೊಡುಗೆ ಬಣ್ಣಬಣ್ಣದ ಉಣ್ಣೆಯ ಆರು ಚೆಂಡುಗಳು. ಎರಡನೆಯದು ಮರದ ಗೋಲ, ಘನ ಮತ್ತು ಉರುಳೆ. ಮೂರನೆಯದು ಎಂಟು ಸಣ್ಣ ಘನಗಳಾಗಿ ಬೇರ್ಪಡುವ ಒಂದು ದೊಡ್ಡ ಘನ. ಮಗು ಅದನ್ನು ಬಿಡಿಸಿ, ಕೂಡಿಸಿ, ಕುರ್ಚಿ ಮಾಡಿ, ಬಾವಿ ಮಾಡಿ, ಕೊನೆಗೆ ಮತ್ತೆ ಇಡಿಯಾದ ಘನವನ್ನು ಪಡೆಯುತ್ತದೆ. ಭಾಗ ಮತ್ತು ಪೂರ್ಣಗಳ ಗಣಿತವು ಅಂಕಿಯ ರೂಪದಲ್ಲಿ ಬರುವುದಕ್ಕೆ ಎಷ್ಟೋ ಮೊದಲು ಕೈಯ ಅನುಭವದ ರೂಪದಲ್ಲಿ ಬಂದಿರುತ್ತದೆ.

1851ರಲ್ಲಿ ಪ್ರಷ್ಯಾದ ಸರ್ಕಾರ ಈ ತೋಟಗಳನ್ನು ನಿಷೇಧಿಸಿತು. ನಾಸ್ತಿಕತೆಯನ್ನೂ ಸಮಾಜವಾದವನ್ನೂ ಬಿತ್ತುತ್ತವೆಂಬುದು ಆರೋಪ. ಅವನ ಅಣ್ಣನ ಮಗನ ಬರಹಗಳನ್ನು ಅವನವೆಂದು ತಪ್ಪಾಗಿ ತಿಳಿದುದೂ ಇದಕ್ಕೆ ಕಾರಣವೆನ್ನುತ್ತಾರೆ. ಮರುವರ್ಷವೇ ಫ್ರೋಬೆಲ್ ತೀರಿಕೊಂಡನು. ನಿಷೇಧ ತೆರವಾದುದು 1860ರಲ್ಲಿ. ಹೀಗೆ ಹಗೆಗಳಿಂದ ಅವನ ತೋಟಕ್ಕೆ ಒದಗಿದ ಕೇಡು ಒಂಬತ್ತು ವರ್ಷಗಳದು.

ಅನುಯಾಯಿಗಳಿಂದ ಒದಗಿದ ಕೇಡು ಅದಕ್ಕಿಂತ ದೀರ್ಘವಾದುದು. ಇಲ್ಲಿ ದೋಷದ ಬೀಜ ಫ್ರೋಬೆಲನಲ್ಲಿಯೇ ಇತ್ತೆಂದು ಹೇಳದೆ ವಿಧಿಯಿಲ್ಲ. ಚೆಂಡು ಚೆಂಡಾಗಿದ್ದರೆ ಅವನಿಗೆ ಸಾಲದು. ಗೋಲವು ವಿಶ್ವದ ಏಕತೆಯ ಸಂಕೇತ, ಘನವು ವೈವಿಧ್ಯದ ಸಂಕೇತ, ಉರುಳೆಯು ಎರಡರ ಸಮನ್ವಯ. ಈ ಸಂಕೇತಾರ್ಥ ದೊಡ್ಡವರ ತಲೆಯೊಳಗಿನದು. ಮಗುವಿಗೆ ಉರುಳುವುದು ಉರುಳುತ್ತದೆ, ನಿಲ್ಲುವುದು ನಿಲ್ಲುತ್ತದೆ, ಅಷ್ಟೇ. ಸಂಕೇತವನ್ನು ನಂಬಿದ ಶಿಷ್ಯರು ಕೊಡುಗೆಗಳ ಕ್ರಮವನ್ನು ಮಂತ್ರದ ಕ್ರಮದಂತೆ ಪಾಲಿಸಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಅನೇಕ ಕಡೆ ಮಕ್ಕಳು ಸಾಲಾಗಿ ಕುಳಿತು, ಶಿಕ್ಷಕಿಯ ಆಜ್ಞೆಯಂತೆ ಏಕಕಾಲದಲ್ಲಿ ಘನವನ್ನೆತ್ತಿ ಏಕಕಾಲದಲ್ಲಿ ಇಡುತ್ತಿದ್ದರು. ಆಟವೇ ಕವಾಯತಾಯಿತು. ಅಮೆರಿಕದ ತತ್ತ್ವಜ್ಞ ಜಾನ್ ಡ್ಯೂಯಿ ಫ್ರೋಬೆಲನ ಮೂಲತತ್ತ್ವವನ್ನು ಗೌರವಿಸಿಯೂ ಈ ಸಂಕೇತವಾದವನ್ನು ತಿರಸ್ಕರಿಸಿದುದು ಯುಕ್ತವಾಗಿಯೇ ಇದೆ.

ಮಾಂಟೆಸ್ಸರಿ: ನೋಡುವ ವಿಜ್ಞಾನ

ಫ್ರೋಬೆಲ್ ಮಗುವಿನ ಬಳಿಗೆ ತತ್ತ್ವದಿಂದ ಬಂದನು. ಮರಿಯಾ ಮಾಂಟೆಸ್ಸರಿ ವೈದ್ಯಶಾಸ್ತ್ರದಿಂದ ಬಂದರು. 1870ರಲ್ಲಿ ಹುಟ್ಟಿದ ಅವರು 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಪದವಿ ಪಡೆದರು. ಬುದ್ಧಿಮಾಂದ್ಯರೆಂದು ಹೇಳಿ ಕೂಡಿಹಾಕಿದ್ದ ಮಕ್ಕಳ ನಡುವೆ ಕೆಲಸ ಮಾಡುತ್ತ, ಫ್ರೆಂಚ್ ವೈದ್ಯರಾದ ಇಟಾರ್ಡ್ ಮತ್ತು ಸೆಗ್ವಿನ್ನರ ಇಂದ್ರಿಯ ಶಿಕ್ಷಣದ ಸಾಧನಗಳನ್ನು ತಿದ್ದಿ ಬಳಸಿದರು. ಆ ಮಕ್ಕಳು ಓದುಬರಹ ಕಲಿತಾಗ ಜನ ಅವರನ್ನು ಕೊಂಡಾಡಿದರು. ಅವರಿಗೆ ಮಾತ್ರ ಬೇರೊಂದು ಸಂಶಯ ಹುಟ್ಟಿತು: ಈ ಮಕ್ಕಳು ಇಷ್ಟು ಕಲಿಯಬಲ್ಲರಾದರೆ, ಸಾಮಾನ್ಯ ಶಾಲೆಗಳಲ್ಲಿ ಆರೋಗ್ಯವಂತ ಮಕ್ಕಳು ಇಷ್ಟೇ ಕಲಿಯುತ್ತಿರುವುದಕ್ಕೆ ಕಾರಣವೇನು?

1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ 'ಮಕ್ಕಳ ಮನೆ' ತೆರೆಯಿತು. ಇದರ ಹಿನ್ನೆಲೆಯನ್ನು ಇಂದಿನ ಫಲಕಗಳು ನೆನಪಿಸುವುದಿಲ್ಲ. ಅಲ್ಲಿ ವಸತಿಗಳನ್ನು ದುರಸ್ತಿ ಮಾಡಿಸಿದ ಸಂಸ್ಥೆಗೆ ಒಂದು ತೊಡಕಿತ್ತು: ತಂದೆತಾಯಿಗಳು ಕೂಲಿಗೆ ಹೋದಾಗ ಮಕ್ಕಳು ಹೊಸ ಗೋಡೆಗಳನ್ನು ಕೆಡಿಸುತ್ತಿದ್ದರು. ಆ ಮಕ್ಕಳನ್ನು ಒಂದೆಡೆ ಕೂಡಿಸಿಡಬೇಕಾಗಿತ್ತು. ಎಂದರೆ ಇಂದು ಹಣವಂತರ ಬಡಾವಣೆಯ ಗುರುತಾಗಿರುವ ಮಾಂಟೆಸ್ಸರಿ ಪದ್ಧತಿ ಹುಟ್ಟಿದುದು ಕೂಲಿಕಾರರ ಮಕ್ಕಳ ನಡುವೆ.

ಅಲ್ಲಿ ಅವರು ಮಾಡಿದ ಮುಖ್ಯ ಕೆಲಸ ಕಲಿಸುವುದಲ್ಲ, ನೋಡುವುದು. ಸುಮಾರು ಮೂರು ವರ್ಷದ ಹುಡುಗಿಯೊಬ್ಬಳು ಮರದ ದಿಮ್ಮಿಯ ಕುಳಿಗಳಲ್ಲಿ ಬೇರೆಬೇರೆ ಅಳತೆಯ ಉರುಳೆಗಳನ್ನು ಇಡುತ್ತ, ತೆಗೆಯುತ್ತ, ಮತ್ತೆ ಇಡುತ್ತ ಕುಳಿತಿದ್ದಳು. ಮಾಂಟೆಸ್ಸರಿಯವರು ಎಣಿಸತೊಡಗಿದರು. ಇತರ ಮಕ್ಕಳನ್ನು ಸುತ್ತಲೂ ಹಾಡಿಸಿದರು; ಕೂತ ಕುರ್ಚಿಯೊಡನೆ ಹುಡುಗಿಯನ್ನೆತ್ತಿ ಮೇಜಿನ ಮೇಲಿಟ್ಟರು. ಮಗು ದಿಮ್ಮಿಯನ್ನು ತೊಡೆಯ ಮೇಲೆ ಅವುಚಿಕೊಂಡು ಕೆಲಸ ಮುಂದುವರಿಸಿತು. ನಲವತ್ತಕ್ಕೂ ಹೆಚ್ಚು ಬಾರಿ ಮಾಡಿ, ಸವಿನಿದ್ದೆಯಿಂದೆದ್ದಂತೆ ಪ್ರಸನ್ನವಾಗಿ ತಾನಾಗಿ ನಿಲ್ಲಿಸಿತು. ಮಗುವಿಗೆ ಏಕಾಗ್ರತೆಯಿಲ್ಲವೆಂಬುದು ಸುಳ್ಳು. ಅದರ ಏಕಾಗ್ರತೆಗೆ ತಕ್ಕ ಕೆಲಸವನ್ನು ನಾವು ಕೊಟ್ಟಿಲ್ಲವೆಂಬುದು ನಿಜ. 1909ರಲ್ಲಿ ಪ್ರಕಟವಾದ ಅವರ ಪದ್ಧತಿಯ ಗ್ರಂಥ ಈ ದರ್ಶನದ ವಿಸ್ತಾರವಷ್ಟೇ.

ಅಕ್ಷರದ ವಿಷಯದಲ್ಲಿ ಮಾಂಟೆಸ್ಸರಿಯವರ ನಿಲುವನ್ನು ಸರಿಯಾಗಿ ತಿಳಿಯಬೇಕು. ಎಳೆಯ ಮಕ್ಕಳಿಗೆ ಅಕ್ಷರ ಕೂಡದೆಂದು ಅವರು ಹೇಳಲಿಲ್ಲ. ಆ ಕೇರಿಯ ತಾಯಂದಿರೇ, ತಾವು ಓದುಬರಹವರಿಯದವರು, ತಮ್ಮ ಮಕ್ಕಳಿಗೆ ಅಕ್ಷರ ಕಲಿಸಿರೆಂದು ಕೇಳಿಕೊಂಡರು. ಅವರು ಆ ಬೇಡಿಕೆಯನ್ನು ತಳ್ಳಿಹಾಕಲಿಲ್ಲ. ಆದರೆ ಪುಸ್ತಕ ಕೊಟ್ಟು ತಿದ್ದಿಸಲೂ ಇಲ್ಲ. ಉರುಳೆಯ ತುದಿಯ ಗುಬುಟನ್ನು ಮೂರು ಬೆರಳಿನಿಂದ ಹಿಡಿದು ಎತ್ತುವಾಗ ಲೇಖನಿ ಹಿಡಿಯುವ ಬೆರಳು ಸಿದ್ಧವಾಗುತ್ತದೆ. ಲೋಹದ ಚೌಕಟ್ಟಿನ ಅಂಚಿನಲ್ಲಿ ಗೆರೆಯೆಳೆದು ಬಣ್ಣ ತುಂಬುವಾಗ ಕೈಗೆ ಹದ ಬರುತ್ತದೆ. ಉಜ್ಜುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರದ ಮೇಲೆ ಬೆರಳಾಡಿಸಿ ಅದರ ಧ್ವನಿಯನ್ನು ನುಡಿಯುವಾಗ ಕಣ್ಣು, ಕಿವಿ, ಚರ್ಮ ಮೂರೂ ಒಂದೇ ಅಕ್ಷರವನ್ನು ಅರಿಯುತ್ತವೆ. ಹೀಗೆ ಸಿದ್ಧವಾದ ಮಕ್ಕಳು ಒಂದು ದಿನ ಯಾರೂ ಹೇಳದೆಯೇ ಬರೆಯತೊಡಗಿದರು. ಬರಹ ಅಲ್ಲಿ ಆರಂಭವಲ್ಲ, ಒಂದು ದೀರ್ಘ ಸಿದ್ಧತೆಯ ಫಲ. ಕಾಯಿಯನ್ನು ಹಿಚುಕಿ ಹಣ್ಣು ಮಾಡುವುದಕ್ಕೂ ಹಣ್ಣಾಗುವವರೆಗೆ ಕಾಯುವುದಕ್ಕೂ ಇರುವ ವ್ಯತ್ಯಾಸವಿದು.

ಇದನ್ನೋದುವಾಗ ನಮ್ಮ ಹಳೆಯ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದು ನೆನಪಾಗುವುದು ಸಹಜ. ಮರಳಿನ ಉರುಬು ಬೆರಳಿಗೆ ಅಕ್ಷರದ ರೂಪವನ್ನು ಕಲಿಸುತ್ತಿತ್ತೆಂಬುದು ನಿಜ. ಆದರೆ ಇಷ್ಟರಿಂದಲೇ ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಬೀಗುವುದು ತರವಲ್ಲ. ಅದೇ ಕೂಲಿಮಠದ ತೊಲೆಗೆ ಕೋದಂಡದ ಹಗ್ಗವೂ ತೂಗುತ್ತಿತ್ತು; ತಪ್ಪಿದ ಮಗುವನ್ನು ಅದಕ್ಕೆ ಜೋತುಬೀಳಿಸುತ್ತಿದ್ದರು. ಮರಳು ಇತ್ತು; ಮರಳಿನ ಮೇಲೆ ಬೆರಳಾಡಿಸುವ ಮಗುವನ್ನು ನೋಡುವ ಕಣ್ಣು ಇರಲಿಲ್ಲ.

ಮಾಂಟೆಸ್ಸರಿ ಪದ್ಧತಿಯಲ್ಲಿಯೂ ಕೊರತೆಗಳಿವೆ. 1914ರಲ್ಲಿಯೇ ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ ಈ ಪದ್ಧತಿಯನ್ನು ಪರೀಕ್ಷಿಸಿ ಒಂದು ಪುಸ್ತಕ ಬರೆದನು. ಉಪಕರಣಗಳ ವ್ಯಾಪ್ತಿ ಸಂಕುಚಿತ, ಕಲ್ಪನೆಯ ಆಟಕ್ಕೆ ಎಡೆ ಸಾಲದು, ಮಕ್ಕಳು ಒಟ್ಟುಗೂಡಿ ಮಾಡುವ ಕೆಲಸ ಕಡಮೆ ಎಂಬುದು ಅವನ ಆಕ್ಷೇಪಣೆಗಳ ಸಾರ. ಇವುಗಳಲ್ಲಿ ಸತ್ಯಾಂಶವಿದೆ. ಒಂದು ಮಣೆಯನ್ನು ಕುದುರೆಯೆಂದು ಭಾವಿಸಿ ಸವಾರಿ ಮಾಡುವ ಮಗು ಮಾಂಟೆಸ್ಸರಿಯವರ ಮನೆಯಲ್ಲಿ ತುಸು ಅನಾಥ. ಅಜ್ಜಿಯ ಕಥೆಯಲ್ಲಿ ಬರುವ ರಾಕ್ಷಸನಿಗೂ ಮಾತಾಡುವ ಗಿಳಿಗೂ ಅವರು ಎಳೆಯರ ಲೋಕದಲ್ಲಿ ಉದಾರವಾಗಿ ಜಾಗ ಕೊಡಲಿಲ್ಲ. ಕಥೆಯ ಮಡಿಲಲ್ಲಿ ಬೆಳೆದ ನಮ್ಮಂಥ ಜನರಿಗೆ ಇದು ದೊಡ್ಡ ಕೊರತೆಯಾಗಿಯೇ ಕಾಣುತ್ತದೆ. ಎರಡನೆಯದಾಗಿ, ಉಪಕರಣಗಳು ನಿಖರವಾದ ಅಳತೆಯವಾದ್ದರಿಂದ ಬೆಲೆ ಹೆಚ್ಚು; ಬಡವರ ಕೇರಿಯಲ್ಲಿ ಹುಟ್ಟಿದ ಪದ್ಧತಿ ಬೆಲೆಯ ಕಾರಣದಿಂದಲೇ ಬಡವರಿಂದ ದೂರವಾಯಿತು.

ಮಾಂಟೆಸ್ಸರಿಯವರು 1939ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮದರಾಸಿನ ಅಡ್ಯಾರಿಗೆ ಬಂದರು. ಮಹಾಯುದ್ಧದ ಕಾರಣ ಇಟಲಿಯ ಪ್ರಜೆಯಾದ ಅವರು ಹಿಂದಿರುಗಲಾರದೆ 1946ರವರೆಗೆ ಈ ದೇಶದಲ್ಲಿಯೇ ಉಳಿದರು. ಅಡ್ಯಾರಿನಲ್ಲಿ, ಕೊಡೈಕೆನಾಲಿನಲ್ಲಿ, ಅಹಮದಾಬಾದಿನಲ್ಲಿ ನೂರಾರು ಶಿಕ್ಷಕರನ್ನು ತರಬೇತು ಮಾಡಿದರು. ಅವರ ಪದ್ಧತಿ ನಮ್ಮಲ್ಲಿ ಬೇರೂರಿದುದಕ್ಕೆ ಇದು ಮುಖ್ಯ ಕಾರಣ. ಆದರೆ ಅವರು ಬರುವುದಕ್ಕೆ ಸುಮಾರು ಎರಡು ದಶಕ ಮೊದಲೇ, ಅವರನ್ನು ಓದಿದ್ದ ಗುಜರಾತಿನ ಒಬ್ಬ ವಕೀಲರು ಈ ಪದ್ಧತಿಗೆ ಕಥೆಯ ಕೊರತೆಯನ್ನು ತುಂಬಿಕೊಡಲು ತೊಡಗಿದ್ದರು.

ಗಿಜುಭಾಯಿ: ಸೋಲಿನಿಂದ ಕಲಿತ ಶಿಕ್ಷಕ

ಗಿಜುಭಾಯಿ ಬಧೇಕಾ 1885ರಲ್ಲಿ ಸೌರಾಷ್ಟ್ರದಲ್ಲಿ ಹುಟ್ಟಿದರು. ತಮಗೆ ಮಗ ಹುಟ್ಟಿದ ಮೇಲೆ ಅವನನ್ನು ಹೇಗೆ ಬೆಳೆಸಬೇಕೆಂಬ ಚಿಂತೆ ಅವರನ್ನು ಮಾಂಟೆಸ್ಸರಿಯವರ ಗ್ರಂಥದತ್ತ ಒಯ್ದಿತು. ವಕೀಲಿಯನ್ನು ಬಿಟ್ಟು 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. 1920ರಲ್ಲಿ ಅಲ್ಲಿ ಬಾಲಮಂದಿರ ತೆರೆದರು. ಮಕ್ಕಳು ಅವರನ್ನು 'ಮೀಸೆಯಿರುವ ತಾಯಿ' ಎಂಬರ್ಥದ ಗುಜರಾತಿ ಹೆಸರಿನಿಂದ ಕರೆದರು. ಇದಕ್ಕಿಂತ ದೊಡ್ಡ ಪ್ರಶಸ್ತಿ ಶಿಕ್ಷಕನಿಗೆ ಬೇರೆ ಯಾವುದಿದ್ದೀತು?

ಅವರ 'ದಿವಾಸ್ವಪ್ನ' 1932ರಲ್ಲಿ ಪ್ರಕಟವಾಯಿತು. ಲಕ್ಷ್ಮೀರಾಮನೆಂಬ ಶಿಕ್ಷಕನೊಬ್ಬನು ಶಿಕ್ಷಣಾಧಿಕಾರಿಯ ಅನುಮತಿ ಪಡೆದು ನಾಲ್ಕನೆಯ ತರಗತಿಯೊಂದರಲ್ಲಿ ಒಂದು ವರ್ಷ ಪ್ರಯೋಗ ನಡೆಸುವ ಕಥೆಯಿದು. ವಸ್ತು ಶಿಶುವಿಹಾರದ್ದಲ್ಲವಾದರೂ ದೃಷ್ಟಿ ಬಾಲಮಂದಿರದ್ದೇ. ಶಿಕ್ಷಣಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಒಂದು ವಿಶಿಷ್ಟ ಸ್ಥಾನವಿರುವುದು ಅದರ ಮೊದಲ ದಿನದ ವರ್ಣನೆಯಿಂದ. ಲಕ್ಷ್ಮೀರಾಮನು ಮನೆಯಲ್ಲಿ ಎಲ್ಲವನ್ನೂ ಯೋಚಿಸಿ ಬರುತ್ತಾನೆ. ಮಾಂಟೆಸ್ಸರಿ ಪದ್ಧತಿಯ ಪ್ರಸಿದ್ಧ 'ಮೌನದ ಆಟ'ದಿಂದ ಆರಂಭಿಸುತ್ತಾನೆ. ಮಕ್ಕಳು ಮೌನವಾಗುವ ಬದಲು ಕೂಗುತ್ತಾರೆ, ಗದ್ದಲವೆಬ್ಬಿಸುತ್ತಾರೆ, ಯೋಜನೆ ನೆಲಕಚ್ಚುತ್ತದೆ. ಅವನು ಬೆತ್ತ ಹಿಡಿಯುವುದಿಲ್ಲ. ಮಕ್ಕಳು ಕೆಟ್ಟವರೆಂದೂ ಹೇಳುವುದಿಲ್ಲ. ತನ್ನ ಲೆಕ್ಕ ತಪ್ಪಿತೆಂದು ಒಪ್ಪಿಕೊಂಡು ಮರುದಿನ ಕಥೆ ಹೇಳತೊಡಗುತ್ತಾನೆ. ಕೂಗಿದ ಮಕ್ಕಳೇ ಬಾಯಿ ತೆರೆದು ಕೇಳುತ್ತ ಕೂರುತ್ತಾರೆ. ಕಥೆಯಿಂದ ಪುಸ್ತಕದ ಆಸೆ ಹುಟ್ಟುತ್ತದೆ. ಎಲ್ಲರೂ ಒಂದೇ ಪಠ್ಯಪುಸ್ತಕ ಕೊಳ್ಳುವ ಬದಲು ಆ ಹಣದಿಂದ ತರಗತಿಗೊಂದು ಪುಸ್ತಕಭಂಡಾರವಾಗುತ್ತದೆ. ಆಟ, ನಾಟಕ, ಹೊರಸಂಚಾರ ಒಂದೊಂದಾಗಿ ಬರುತ್ತವೆ.

ಈ ಪ್ರಸಂಗವನ್ನು ನಾವು ಶಿಶುಶಿಕ್ಷಣದ ಇಡೀ ಸಾಹಿತ್ಯದಲ್ಲಿಯೇ ಮಹತ್ತ್ವದ್ದೆಂದು ಎಣಿಸುತ್ತೇವೆ. ಮಾಂಟೆಸ್ಸರಿಯವರ ಭಕ್ತನೇ ಮಾಂಟೆಸ್ಸರಿಯವರ ಆಟ ಸೋತುದನ್ನು ಮುಚ್ಚಿಡದೆ ಬರೆದಿದ್ದಾನೆ. ಆದರೆ ಆಟ ಸೋತಾಗ ಮಾಂಟೆಸ್ಸರಿಯವರ ತತ್ತ್ವ ಸೋಲಲಿಲ್ಲ, ಗೆದ್ದಿತು. ಏಕೆಂದರೆ ಮಗುವನ್ನು ನೋಡು, ನೋಡಿದ ಮೇಲೆ ನಿನ್ನನ್ನು ತಿದ್ದಿಕೋ ಎಂಬುದೇ ಆ ತತ್ತ್ವದ ತಿರುಳು. ಉಪಕರಣವನ್ನು ಬಿಟ್ಟುಕೊಟ್ಟವನು ದೃಷ್ಟಿಯನ್ನು ಉಳಿಸಿಕೊಂಡನು. ಇಂದಿನ ಅನೇಕ ಸಂಸ್ಥೆಗಳಲ್ಲಿ ನಡೆಯುತ್ತಿರುವುದು ಇದಕ್ಕೆ ವಿಪರೀತ.

'ದಿವಾಸ್ವಪ್ನ'ದ ಮಿತಿಯನ್ನೂ ಹೇಳಬೇಕು. ಲಕ್ಷ್ಮೀರಾಮನಿಗೆ ಹೊಟ್ಟೆಪಾಡಿನ ಚಿಂತೆಯಿಲ್ಲ, ಅಧಿಕಾರಿಯ ಆಶ್ರಯವಿದೆ, ಕಥೆ ಹೇಳುವ ವರವಿದೆ. ಪಕ್ಕದ ತರಗತಿಯ ಬಡ ಶಿಕ್ಷಕರ ಹಾಸ್ಯದ ಹಿಂದೆ ಅವರ ಭಯವೂ ಇದೆಯೆಂಬುದನ್ನು ಕೃತಿ ಸಾಕಷ್ಟು ಗಣಿಸುವುದಿಲ್ಲ. ಒಬ್ಬ ಅಸಾಧಾರಣ ಮನುಷ್ಯ ಒಂದು ವರ್ಷ ಮಾಡಿದುದನ್ನು ಲಕ್ಷಾಂತರ ಸಾಮಾನ್ಯ ಶಿಕ್ಷಕರು ವರ್ಷ ವರ್ಷವೂ ಮಾಡುವುದು ಹೇಗೆ? ಪುಸ್ತಕದ ಹೆಸರೇ ಹಗಲುಗನಸು.

ಆ ಕನಸನ್ನು ನೆಲಕ್ಕಿಳಿಸಲು ಹೊರಟವರು ಅವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್. 1939ರಲ್ಲಿ ಗಿಜುಭಾಯಿ ತೀರಿಕೊಂಡ ಮೇಲೆ, 1945ರಲ್ಲಿ ಅವರು ಮುಂಬಯಿಯ ಉತ್ತರಕ್ಕಿರುವ ಬೋರ್ಡಿಯಲ್ಲಿಯೂ ಮುಂದೆ 1957ರಿಂದ ಕೋಸಬಾಡದಲ್ಲಿಯೂ ಅನುತಾಯಿ ವಾಘ್ ಅವರೊಡನೆ ಗ್ರಾಮದ ಮಕ್ಕಳಿಗಾಗಿ ದುಡಿದರು. ವಾರಲಿ ಬುಡಕಟ್ಟಿನ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಬರದ ಮಕ್ಕಳನ್ನು ಅವರು ದೂರಲಿಲ್ಲ. ಬಾಲವಾಡಿಯನ್ನೇ ಅವರ ಗುಡಿಸಲಿನ ಅಂಗಳಕ್ಕೆ ಒಯ್ದರು. ದನ ಮೇಯಿಸುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲಿಯೇ ಶಾಲೆ ನಡೆಸಿದರು. ಬೆಲೆಬಾಳುವ ಉಪಕರಣಗಳ ಜಾಗದಲ್ಲಿ ಬೆಣಚುಕಲ್ಲು, ಚಿಪ್ಪು, ಎಲೆ, ಬೀಜಗಳು ಬಂದವು. ಅಂಗಳದ ಆ ಬಾಲವಾಡಿಯೇ ಅಂಗನವಾಡಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಅದರ ಕೇಂದ್ರಗಳಿಗೂ ಇದೇ ಹೆಸರು ಬಂದಿತು. ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಅದು ಮೊದಲು ಕಾಲಿಟ್ಟಿತು.

ದೃಷ್ಟಿಯೆಲ್ಲಿ?

ಮೂವರ ದರ್ಶನಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ವಸ್ತುಗಳಲ್ಲಿ ಇವರು ಒಬ್ಬರಂತೊಬ್ಬರಿಲ್ಲ: ಒಬ್ಬನದು ಚೆಂಡು, ಒಬ್ಬರದು ಉರುಳೆ, ಒಬ್ಬರದು ಕಥೆ. ತತ್ತ್ವದಲ್ಲಿಯೂ ಭಿನ್ನರು: ಒಬ್ಬನು ಭಾವುಕ, ಒಬ್ಬರು ವಿಜ್ಞಾನಿ, ಒಬ್ಬರು ಕಥೆಗಾರ. ಆದರೂ ಪ್ರತಿಯೊಬ್ಬರ ಪದ್ಧತಿಯೂ ಹುಟ್ಟಿದುದು ಒಂದೇ ಬಗೆಯ ಕ್ಷಣದಲ್ಲಿ: ದೊಡ್ಡವರೊಬ್ಬರು ತಮ್ಮ ಆತುರವನ್ನು ಬದಿಗಿಟ್ಟು ಒಂದು ಮಗುವನ್ನು ದೀರ್ಘಕಾಲ ನೋಡಿದ ಕ್ಷಣದಲ್ಲಿ. ಪ್ರತಿಯೊಂದು ಪದ್ಧತಿಯೂ ಕೆಟ್ಟುದು ಒಂದೇ ಬಗೆಯಲ್ಲಿ: ನೋಡುವುದು ನಿಂತು ವಸ್ತು ಉಳಿದಾಗ. ಆದ್ದರಿಂದ ಯಾವ ಶಾಲೆಯನ್ನಾಗಲಿ ಅದರ ಫಲಕದಿಂದಲೂ ಕಪಾಟಿನಿಂದಲೂ ಅಳೆಯಬಾರದು. ಅಲ್ಲಿನ ಶಿಕ್ಷಕಿಗೆ ಒಂದು ಮಗುವನ್ನು ಹತ್ತು ನಿಮಿಷ ಸುಮ್ಮನೆ ನೋಡಲು ಬಿಡುವಿದೆಯೇ ಎಂಬುದೇ ಅಳತೆಗೋಲು.

ಈ ಅಳತೆಗೋಲಿನಿಂದ ಅಳೆದರೆ ಸ್ಥಿತಿ ಚಿಂತಾಜನಕವಾಗಿದೆ. ದೇಶದಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು ಅಂಗನವಾಡಿಗಳಿವೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಎಲ್ಲದರ ಹೊಣೆಯೂ ಅಲ್ಲಿನ ಕಾರ್ಯಕರ್ತೆಯ ಮೇಲಿದೆ. ಮಗುವಿನ ತೂಕವನ್ನು ಅಳೆದು ಮೊಬೈಲಿನಲ್ಲಿ ದಾಖಲಿಸಬೇಕು, ಅಕ್ಕಿಬೇಳೆಯ ಲೆಕ್ಕ ಬರೆಯಬೇಕು, ಸಮೀಕ್ಷೆಗೆ ಮನೆಮನೆ ತಿರುಗಬೇಕು. ಇಷ್ಟಕ್ಕೂ ಅವಳಿಗೆ ಸಲ್ಲುವುದು ಸಂಬಳವಲ್ಲ, ಗೌರವಧನ. ಅವಳಿಗೂ ಗ್ರಾಚ್ಯುಟಿಯ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯ ಹೇಳಲು 2022ರವರೆಗೆ ಕಾಯಬೇಕಾಯಿತು. ಅವಳು ಮಗುವನ್ನು ನೋಡಲಿಲ್ಲವೆಂದು ದೂರುವ ಮೊದಲು, ನೋಡುವ ಬಿಡುವನ್ನು ನಾವು ಅವಳಿಗೆ ಉಳಿಸಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. 2024ರಲ್ಲಿ ನಮ್ಮ ರಾಜ್ಯದಲ್ಲಿ ಕೆಲವು ಅಂಗನವಾಡಿಗಳು 'ಸರ್ಕಾರಿ ಮಾಂಟೆಸ್ಸರಿ' ಎಂಬ ಹೆಸರನ್ನು ಪಡೆದವು. ಬಡವರ ಕೇರಿಯಲ್ಲಿ ಹುಟ್ಟಿದ ಹೆಸರು ಬಡವರ ಮಕ್ಕಳಿಗೆ ಮರಳಿ ಬಂದುದು ಸಂತೋಷವೇ ಸರಿ. ಹೆಸರಿನೊಡನೆ ಬಿಡುವೂ ಬಂದರೆ ಸಂತೋಷ ಪೂರ್ಣವಾದೀತು.

ಖಾಸಗಿ ಶಾಲೆಗಳ ರೋಗ ಬೇರೆ. ಅಲ್ಲಿ ಕಪಾಟಿನ ತುಂಬ ಉಪಕರಣಗಳಿವೆ. ತಂದೆತಾಯಿಗಳು ಬಂದ ದಿನ ಅವು ಹೊರಬರುತ್ತವೆ, ಉಳಿದ ದಿನ ಪುಸ್ತಕ ಮತ್ತು ಪೆನ್ಸಿಲಿನದೇ ರಾಜ್ಯ. ಮೂರು ವರ್ಷದ ಮಗು ತಾನು ಕನಸು ಕಾಣುವ ಭಾಷೆಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಬೇಕು. ಮಗು ತನ್ನ ಸುತ್ತಲಿನ ನುಡಿಯನ್ನು ಪ್ರಯತ್ನವಿಲ್ಲದೆ ಹೀರಿಕೊಳ್ಳುತ್ತದೆಂದು ಮಾಂಟೆಸ್ಸರಿಯವರೇ ವಿಸ್ತಾರವಾಗಿ ಬರೆದಿದ್ದಾರೆ; ಹೀರಿಕೊಂಡ ಆ ನುಡಿಯನ್ನು ಅವರ ಹೆಸರಿನ ಶಾಲೆಯಲ್ಲಿಯೇ ತಡೆಯುವುದು ವಿಪರ್ಯಾಸ. ಎಳೆಯರ ಬಾಯಲ್ಲಿ ಸಲೀಸಾಗಿ ಹೊರಳುವ ಹಾಡುಗಳನ್ನು ಪಂಜೆ ಮಂಗೇಶರಾಯರೂ ರಾಜರತ್ನಂ ಅವರೂ ನಮಗೆ ಕೊಟ್ಟು ಹೋಗಿದ್ದಾರೆ. ಅವು ಇಂದು ಎಷ್ಟು ಶಿಶುವಿಹಾರಗಳಲ್ಲಿ ಕೇಳಿಸುತ್ತವೆ?

ಇಲ್ಲಿ ಪಾಲಕರ ಪರವಾಗಿ ಒಂದು ಮಾತನ್ನು ಹೇಳದಿದ್ದರೆ ನ್ಯಾಯವಾಗದು. ಅವರ ಆತುರ ಬರಿಯ ಅಜ್ಞಾನವಲ್ಲ. ತಾನು ಕಲಿಯಲಾಗಲಿಲ್ಲವೆಂಬ ನೋವು, ಮಗ ತನ್ನಂತೆ ಕೂಲಿಗೆ ಹೋಗಬಾರದೆಂಬ ಹಂಬಲ, ಅಕ್ಷರವೇ ಏಣಿಯೆಂಬ ನಂಬಿಕೆ ಇವು ಆ ಆತುರದಲ್ಲಿವೆ. ಸಾನ್ ಲೊರೆಂಜೊದ ತಾಯಂದಿರು ಕೇಳಿದುದೂ ಇದನ್ನೇ. ಆ ಹಂಬಲವನ್ನು ಹೀಗಳೆಯುವ ಹಕ್ಕು ಓದಿ ಮೇಲೆ ಬಂದ ನಮಗಿಲ್ಲ. ಅವರಿಗೆ ಹೇಳಬೇಕಾದುದು ಅಕ್ಷರ ಬೇಡವೆಂದಲ್ಲ. ಅಕ್ಷರ ಬರುವ ದಾರಿ ಇದೆಂದು. ಬೀಜವೆಣಿಸುವ ಬೆರಳು, ಕಥೆ ಕೇಳುವ ಕಿವಿ, ಮಣ್ಣಿನಲ್ಲಿ ಗೆರೆಯೆಳೆಯುವ ಕೈ ಇವು ಸಮಯ ಕಳೆಯುವುದಲ್ಲ, ಏಣಿಯ ಕೆಳಗಿನ ಮೆಟ್ಟಿಲುಗಳು. ಕೆಳಗಿನ ಮೆಟ್ಟಿಲುಗಳಿಲ್ಲದ ಏಣಿಯನ್ನು ಯಾವ ಮಗುವೂ ಹತ್ತಲಾರದು.

ಕಾಗದದ ಮೇಲೆ ಈ ವಾದ ಈಗಾಗಲೇ ಗೆದ್ದಿದೆ. 1993ರಲ್ಲಿ ಪ್ರೊಫೆಸರ್ ಯಶಪಾಲ್ ಸಮಿತಿ ಮಕ್ಕಳ ಕಲಿಕೆಯ ಹೊರೆಯ ಬಗೆಗೆ ಎಚ್ಚರಿಸಿತು. 2002ರ ಸಂವಿಧಾನ ತಿದ್ದುಪಡಿ ಆರು ವರ್ಷದವರೆಗಿನ ಮಕ್ಕಳ ಪಾಲನೆ ಮತ್ತು ಶಿಕ್ಷಣವನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ ಸೇರಿಸಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಪ್ರವೇಶಕ್ಕಾಗಿ ಮಗುವನ್ನೂ ಪಾಲಕರನ್ನೂ ಪರೀಕ್ಷಿಸುವುದನ್ನು ನಿಷೇಧಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದು ಘಟ್ಟವೆಂದು ಪರಿಗಣಿಸಿ ಆಟವೇ ಅದರ ದಾರಿಯೆಂದಿತು. 2022ರಲ್ಲಿ ಅದಕ್ಕೊಂದು ಪಠ್ಯಕ್ರಮದ ಚೌಕಟ್ಟೂ ಬಂದಿತು. ಪ್ರಷ್ಯಾದಲ್ಲಿ ಸರ್ಕಾರ ನಿಷೇಧಿಸಿದ್ದನ್ನು ಇಲ್ಲಿ ಸರ್ಕಾರವೇ ವಿಧಿಸಿದೆ. ಆದರೂ ಪರಿಚಿತರ ಮೊಮ್ಮಗಳ ಪುಸ್ತಕದಲ್ಲಿ ನೂರರವರೆಗಿನ ಅಂಕಿಗಳು ಇದ್ದೇ ಇವೆ. ವಸ್ತುವನ್ನು ಆಜ್ಞೆಯಿಂದ ಹಂಚಬಹುದು. ದೃಷ್ಟಿಯನ್ನು ಆಜ್ಞೆಯಿಂದ ಹಂಚಲಾಗದು.

ಅದು ಒಂದೊಂದು ಶಾಲೆಯಲ್ಲಿ, ಒಂದೊಂದು ಮನೆಯಲ್ಲಿ ಆಗಬೇಕಾದ ಕೆಲಸ. ಸಂಘಸಂಸ್ಥೆಗಳೂ ಮಠಮಾನ್ಯಗಳೂ ನಡೆಸುವ ಶಿಶುವಿಹಾರಗಳು ನಾಡಿನಲ್ಲಿ ಸಾಕಷ್ಟಿವೆ. ಲಾಭದ ಹಂಗಿಲ್ಲದ ಆ ಸಂಸ್ಥೆಗಳೂ ಪಕ್ಕದ ಶಾಲೆಗೆ ಅಂಜಿ ಮೂರು ವರ್ಷದ ಮಗುವಿಗೆ ಮನೆಪಾಠ ಕೊಟ್ಟರೆ, ಅಂಜದೆ ನಿಲ್ಲುವವರು ಇನ್ನಾರು? ಒಂದು ತರಗತಿಯಲ್ಲಿ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದು, ಶಿಕ್ಷಕಿಗೆ ಬದುಕಲು ಸಾಲುವ ಸಂಬಳ ಕೊಡುವುದು, ತಿಂಗಳಿಗೊಮ್ಮೆ ಪಾಲಕರನ್ನು ಕರೆದು ಪುಸ್ತಕದ ಬದಲು ಮಗುವಿನ ಆಟವನ್ನು ತೋರಿಸುವುದು ಇವು ದೊಡ್ಡ ವೆಚ್ಚದ ಮಾತುಗಳಲ್ಲ, ಧೈರ್ಯದ ಮಾತುಗಳು.

ಅಂದು ಹೊರಡುವಾಗ ಆ ಮಗು ಮತ್ತೆ ಅಜ್ಜಿಯ ಬಳಿ ಕುಳಿತಿತ್ತು. ಅಜ್ಜಿ ಬೀಜಗಳನ್ನು ಅಳಗುಳಿಮಣೆಯ ಕುಳಿಗಳಿಗೆ ಒಂದೊಂದಾಗಿ ಹಾಕುತ್ತ ಎಣಿಸುತ್ತಿದ್ದರು. ಮಗುವೂ ಹಾಕುತ್ತ ಎಣಿಸುತ್ತಿತ್ತು. ಮೂರಕ್ಕೆ ಬಂದಾಗ ತಪ್ಪಿತು. ಅಜ್ಜಿ ತಿದ್ದಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಮಗು ಕುಳಿಯನ್ನು ದಿಟ್ಟಿಸಿ, ಹೆಚ್ಚಾದ ಬೀಜವನ್ನು ತಾನೇ ಹಿಂದೆ ತೆಗೆದುಕೊಂಡಿತು.